ಬೀರುವಿನಲ್ಲಿ ನಿಂತ ವಾಚು

ಜೋಗುಪಾಳ್ಯದ ಗಲ್ಲಿಗಳಲ್ಲಿ ಯಾವ ಮನೆಯ ಬೀರು ತೆಗೆದರೂ ಒಂದೆರಡು ನಿಂತ ವಾಚುಗಳು ಸಿಗುತ್ತವೆ. ರೇಷ್ಮೆ ಸೀರೆಗಳ ಹಿಂದೆ, ಎಲ್‌ಐಸಿ ಬಾಂಡುಗಳ ಲಕೋಟೆಯ ಪಕ್ಕ, ಹಳೆಯ ಕನ್ನಡಕದ ಡಬ್ಬಿಯೊಳಗೆ. ತಾತ ನಿವೃತ್ತರಾದ ದಿನ ಜೊತೆಯವರು ಕೈಗೆ ಕಟ್ಟಿ ಕಳಿಸಿದ್ದು, ಮಾವನ ಮನೆಯವರು ಅಳಿಯನಿಗೆ ಕೊಟ್ಟದ್ದು, ಮಗಳು ಎಸ್ಸೆಸ್ಸೆಲ್ಸಿ ಪಾಸಾದಾಗ ಕೊಡಿಸಿದ ಸಣ್ಣ ಡಯಲಿನದು. ಒಂದು ದಿನ ಮುಳ್ಳು ನಿಂತಿತು. ‘ಸೆಲ್ ಹಾಕಿಸಬೇಕು’ ಎಂದು ಯಾರೋ ತೆಗೆದಿಟ್ಟರು. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲು ಬಂತು. ವಾಚು ಇಟ್ಟಲ್ಲೇ ಉಳಿಯಿತು.

ಅದು ಅಲ್ಲಿ ಸುಮ್ಮನೆ ಮಲಗಿದೆ ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲ. ಶಕ್ತಿ ಮುಗಿದ ಸೆಲ್ಲು ಒಳಗೇ ಉಳಿದರೆ ಅದರಲ್ಲಿ ನಿಧಾನವಾಗಿ ಅನಿಲ ಹುಟ್ಟುತ್ತದೆ, ಅಂಚಿನ ಬಿಗಿ ಸಡಿಲಾಗುತ್ತದೆ, ಒಳಗಿನ ತೀಕ್ಷ್ಣ ಕ್ಷಾರ ಹೊರಗೆ ಜಿನುಗುತ್ತದೆ. ಜಿನುಗಿದ್ದು ಮೊದಲು ಸೆಲ್ಲನ್ನು ಮುಟ್ಟಿಕೊಂಡಿರುವ ಲೋಹದ ಪಟ್ಟಿಯನ್ನು ತಿನ್ನುತ್ತದೆ, ಆಮೇಲೆ ಸರ್ಕ್ಯೂಟಿಗೆ ಹರಿಯುತ್ತದೆ. ಸೆಲ್ಲು ಬದಲಿಸಿದ್ದರೆ ಓಡುತ್ತಿದ್ದ ವಾಚು ಕೆಲವು ವರ್ಷಗಳಲ್ಲಿ ನಿಜವಾಗಿಯೂ ಕೆಡಬಹುದು. ಹಾಗಾಗಿ ಮೊದಲ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಆ ವಾಚನ್ನು ಮತ್ತೆ ಕಟ್ಟಿಕೊಳ್ಳುವ ಮನಸ್ಸು ನಿಮಗಿಲ್ಲದಿದ್ದರೂ ಚಿಂತೆಯಿಲ್ಲ, ಒಳಗಿನ ಸತ್ತ ಸೆಲ್ಲನ್ನು ಮಾತ್ರ ತೆಗೆದಿಡಿ. ಹೊಸದನ್ನು ಹಾಕುವುದು ಆಮೇಲಿನ ಮಾತು.

ಅದನ್ನು ಮನೆಯಲ್ಲೇ ಮಾಡಬಹುದೇ? ಬಹುಪಾಲು ಸಾಮಾನ್ಯ ವಾಚುಗಳಿಗೆ ಮಾಡಬಹುದು. ಕೆಲವಕ್ಕೆ ಮಾಡಲೇಬಾರದು. ಎರಡರ ನಡುವಿನ ಗೆರೆ ಎಲ್ಲಿದೆ ಎಂದು ತಿಳಿದುಕೊಳ್ಳುವುದೇ ಈ ಕೆಲಸದ ಮುಕ್ಕಾಲು ಪಾಲು.

ಕೀ ಕೊಡುತ್ತಿದ್ದ ಊರು

ಈ ಮಾತು ಬೆಂಗಳೂರಿಗೆ ಬೇರೆ ಊರುಗಳಿಗಿಂತ ಹೆಚ್ಚು ಹತ್ತಿರದ್ದು. 1953ರಲ್ಲಿ ಜಾಲಹಳ್ಳಿಯಲ್ಲಿ ಯಂತ್ರೋಪಕರಣ ತಯಾರಿಸಲು ಹುಟ್ಟಿದ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಇಲ್ಲಿಯೇ ಕೈಗಡಿಯಾರ ಮಾಡತೊಡಗಿತು. ಜನತಾ, ಪೈಲಟ್, ಕೊಹಿನೂರ್ ಎಂಬ ಹೆಸರುಗಳು ದೇಶದ ಮನೆಮನೆ ತಲುಪಿದವು. ಹಲಸೂರಿಗೂ ಇಂದಿರಾನಗರಕ್ಕೂ ನಡುವೆ ಇರುವ ಜೋಗುಪಾಳ್ಯದ ಸುತ್ತಿನ ಪೂರ್ವ ಬೆಂಗಳೂರಂತೂ ಪಾಳಿಯ ಮೇಲೆ ಬದುಕಿದ ಊರು. 1940ರಲ್ಲಿ ಬಂದ ಎಚ್‌ಎಎಲ್, ದೂರವಾಣಿ ನಗರದಲ್ಲಿ 1948ರಲ್ಲಿ ಬಂದ ಐಟಿಐ, ಬೈಯಪ್ಪನಹಳ್ಳಿಯಲ್ಲಿ ಈಗ ಮುಚ್ಚಿಹೋಗಿರುವ ಎನ್‌ಜಿಇಎಫ್. ಮೊದಲ ಪಾಳಿಗೆ ಹೊರಡುವವರಿಗೆ ವಾಚು ಆಭರಣವಾಗಿರಲಿಲ್ಲ. ಬೆಳಿಗ್ಗೆ ಎದ್ದು ಅದಕ್ಕೆ ಕೀ ಕೊಡುವುದು ಹಲ್ಲುಜ್ಜಿದಷ್ಟೇ ಸಹಜವಾದ ಅಭ್ಯಾಸ. ಆಕಾಶವಾಣಿಯಲ್ಲಿ ವಾರ್ತೆಗೆ ಮೊದಲು ಬರುತ್ತಿದ್ದ ಸಮಯಸೂಚಕ ಸದ್ದಿಗೆ ಮುಳ್ಳನ್ನು ಸರಿಮಾಡಿಕೊಳ್ಳುವುದು ಇನ್ನೊಂದು.

ಆಮೇಲೆ ಸೆಲ್ಲಿನ ವಾಚು ಬಂತು. 1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡಿನ ಟಿಡ್ಕೊ ಸೇರಿ ಟೈಟನ್ ಕಟ್ಟಿದವು. ಕಾರ್ಖಾನೆ ಇಲ್ಲಿಂದ ನಲವತ್ತು ಕಿಲೋಮೀಟರಿನ ಹೊಸೂರಿನಲ್ಲಿ. ಮೊದಲ ಮುಖ್ಯಸ್ಥ ಝರ್ಕ್ಸಿಸ್ ದೇಸಾಯಿ ಕೀ ಕೊಡುವ ವಾಚನ್ನು ಬದಿಗಿಟ್ಟು ಸೆಲ್ಲಿನಿಂದ ಓಡುವ ಕ್ವಾರ್ಟ್ಜ್ ವಾಚಿನ ಮೇಲೆ ಪಣ ಕಟ್ಟಿದರು. 1987ರಲ್ಲಿ ಟೈಟನ್ನಿನ ಮೊದಲ ಷೋರೂಂ ತೆರೆದದ್ದು ಇನ್‌ಫೆಂಟ್ರಿ ರಸ್ತೆಯ ಸಫೀನಾ ಪ್ಲಾಜಾದಲ್ಲಿ. ಜೋಗುಪಾಳ್ಯದಿಂದ ಅದು ದೂರವೇನಲ್ಲ, ಹಲಸೂರು ಕೆರೆ ದಾಟಿ ಶಿವಾಜಿನಗರದ ಕಡೆ ತಿರುಗಿದರೆ ಬಂತು. ಟಿವಿಯಲ್ಲಿ ಮೊಜಾರ್ಟನ 25ನೇ ಸಿಂಫನಿಯ ಸಂಗೀತದೊಂದಿಗೆ ಬರುತ್ತಿದ್ದ ಅವರ ಜಾಹೀರಾತು ಆ ಕಾಲದವರಿಗೆ ಇನ್ನೂ ಕಿವಿಯಲ್ಲಿದೆ. ಎಚ್‌ಎಂಟಿ ಕೂಡ ಕ್ವಾರ್ಟ್ಜ್ ವಾಚುಗಳನ್ನು ಮಾಡಿತು. ಆದರೆ ಅದರ ಜೀವ ಇದ್ದದ್ದು ಕೀ ಕೊಡುವ ವಾಚಿನಲ್ಲಿ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. 1978ರಲ್ಲಿ ಆರಂಭವಾಗಿದ್ದ ತುಮಕೂರಿನ ವಾಚು ಕಾರ್ಖಾನೆಯ ಜಾಗ ಈಗ ಇಸ್ರೊ ಕೈಯಲ್ಲಿದೆ.

ಇದೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಕೀ ಕೊಡುವ ವಾಚಿನೊಂದಿಗೆ ಮನೆಯವರಿಗೆ ದಿನದ ಒಡನಾಟವಿತ್ತು, ಅದರ ನಾಡಿ ಗೊತ್ತಿತ್ತು. ಕ್ವಾರ್ಟ್ಜ್ ಬಂದ ಮೇಲೆ ಮೂರು ವರ್ಷ ಅದರ ಕಡೆ ನೋಡುವ ಅಗತ್ಯವೇ ಬೀಳಲಿಲ್ಲ, ನಿಂತ ದಿನ ಏನು ಮಾಡಬೇಕೆಂದೂ ತಿಳಿಯಲಿಲ್ಲ. ಒಳಗೇನಿದೆ ಎಂದು ನಮ್ಮಲ್ಲಿ ಹೆಚ್ಚಿನವರು ನೋಡಿಯೇ ಇಲ್ಲ.

ಬೀರುವಿನ ವಾಚನ್ನು ಕೈಗೆತ್ತಿಕೊಂಡ ಕೂಡಲೇ ಡಯಲು ಓದಿ. ‘17 ಜ್ಯುಯೆಲ್ಸ್’ ಎಂದಿದ್ದರೆ ಅದು ಸೆಲ್ಲಿನ ವಾಚಲ್ಲ. ಪಕ್ಕದ ತಿರುಪಿಗೆ ನಾಲ್ಕು ಸುತ್ತು ಕೀ ಕೊಟ್ಟರೆ ತಾತನ ಜನತಾ ಈಗಲೇ ಟಿಕ್ ಎನ್ನಬಹುದು. ‘ಕ್ವಾರ್ಟ್ಜ್’ ಎಂದಿದ್ದರೆ ಮುಂದೆ ಓದಿ.

ಸೆಕೆಂಡಿಗೊಂದು ಹೆಜ್ಜೆ

ಕ್ವಾರ್ಟ್ಜ್ ಎಂದರೆ ಬೆಣಚುಕಲ್ಲಿನ ಹರಳು. ಅದನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸೋದರರು ತೋರಿಸಿದರು. ವಿದ್ಯುತ್ ಕೊಟ್ಟರೆ ಅದೇ ಹರಳು ನಡುಗುತ್ತದೆ. ವಾಚಿನೊಳಗೆ ಪುಟ್ಟ ಲೋಹದ ಕೊಳವೆಯಲ್ಲಿ ಶ್ರುತಿಕವೆಯ ಆಕಾರಕ್ಕೆ ಕೊರೆದ ಹರಳು ಇರುತ್ತದೆ, ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ವಿಚಿತ್ರ ಸಂಖ್ಯೆಯನ್ನು ಬೇಕೆಂದೇ ಆರಿಸಿದ್ದಾರೆ. ಅದನ್ನು ಹದಿನೈದು ಸಲ ಅರ್ಧ ಮಾಡುತ್ತ ಬನ್ನಿ, ಕೊನೆಗೆ ಉಳಿಯುವುದು ಒಂದು. ಆ ಒಂದರ ಸೂಚನೆ ಸಿಕ್ಕಾಗಲೆಲ್ಲ ತಾಮ್ರದ ಸುರುಳಿಗೆ ಕ್ಷಣಾರ್ಧದ ವಿದ್ಯುತ್ ಹರಿಯುತ್ತದೆ, ಪುಟ್ಟ ಅಯಸ್ಕಾಂತದ ಚಕ್ರ ಅರ್ಧ ಸುತ್ತು ಹೊರಳುತ್ತದೆ, ಸೆಕೆಂಡಿನ ಮುಳ್ಳು ಒಂದು ಹೆಜ್ಜೆ ಇಡುತ್ತದೆ. ಆ ಪುಟ್ಟ ಮೋಟಾರಿನ ವಿನ್ಯಾಸ ಮಾರಿಯಸ್ ಲಾವೆ ಎಂಬ ಫ್ರೆಂಚ್ ಎಂಜಿನಿಯರ್ 1936ರಲ್ಲಿ ಕೊಟ್ಟದ್ದು. ಹರಳು, ಮೋಟಾರುಗಳನ್ನು ಕೂಡಿಸಿ ಮಣಿಕಟ್ಟಿಗೆ ತಂದು ಮಾರಿದ ಮೊದಲ ಕ್ವಾರ್ಟ್ಜ್ ವಾಚು ಸೈಕೊ ಆಸ್ಟ್ರಾನ್. 1969ರ ಡಿಸೆಂಬರ್ 25ರಂದು ಟೋಕಿಯೊದಲ್ಲಿ ಮಾರಾಟಕ್ಕೆ ಬಂದಾಗ ಅದರ ಬೆಲೆ 4,50,000 ಯೆನ್.

ಇಷ್ಟಕ್ಕೂ ಬೇಕಾಗುವ ವಿದ್ಯುತ್ ಎಷ್ಟು ಅಲ್ಪವೆಂದರೆ ಲೆಕ್ಕ ಹಾಕಿದಾಗಲೆಲ್ಲ ಅಚ್ಚರಿಯಾಗುತ್ತದೆ. ಮೂರು ಮುಳ್ಳಿನ ಸಾಮಾನ್ಯ ವಾಚುಗಳಲ್ಲಿ ಹೆಚ್ಚಾಗಿ ಕಾಣುವ ಎಸ್‌ಆರ್626ಎಸ್‌ಡಬ್ಲ್ಯೂ ಸೆಲ್ಲಿನ ಸಾಮರ್ಥ್ಯ ಸುಮಾರು 28 ಮಿಲಿ ಆಂಪಿಯರ್ ಗಂಟೆ. ವಾಚು ಸರಾಸರಿ ಒಂದು ಮೈಕ್ರೊ ಆಂಪಿಯರ್ ಎಳೆದರೆ ಅದು 28,000 ಗಂಟೆ ಬಾಳುತ್ತದೆ, ಅಂದರೆ ಮೂರು ವರ್ಷಕ್ಕೂ ಮೇಲೆ. ಬಟಾಣಿ ಗಾತ್ರವೂ ಇಲ್ಲದ ಒಂದು ಗುಂಡಿ ಒಂಬತ್ತು ಕೋಟಿಗಿಂತ ಹೆಚ್ಚು ಹೆಜ್ಜೆ ಹಾಕಿಸಿ ಮುಗಿಯುತ್ತದೆ.

ಮುಗಿಯುವ ಮೊದಲು ಹಲವು ವಾಚುಗಳು ಹೇಳಿಯೇ ಮುಗಿಯುತ್ತವೆ. ಸೆಕೆಂಡಿನ ಮುಳ್ಳು ಒಂದೊಂದೇ ಹೆಜ್ಜೆ ಬಿಟ್ಟು ಎರಡು ಅಥವಾ ನಾಲ್ಕು ಸೆಕೆಂಡಿಗೊಮ್ಮೆ ಕುಪ್ಪಳಿಸತೊಡಗುತ್ತದೆ. ಅದನ್ನು ಕಂಡವರು ವಾಚು ಕೆಟ್ಟಿತು ಎಂದುಕೊಳ್ಳುತ್ತಾರೆ. ಅದು ಕೆಟ್ಟಿಲ್ಲ, ಸೆಲ್ಲು ಕೇಳುತ್ತಿದೆ. ಆಗಲೇ ಬದಲಿಸಿದರೆ ಸೋರುವ ಭಯವೇ ಇಲ್ಲ.

ಬೆನ್ನು ನೋಡಿ ನಿರ್ಧರಿಸಿ

ವಾಚನ್ನು ತಿರುಗಿಸಿ ಬೆನ್ನು ನೋಡಿ. ಅಂಚಿನಲ್ಲಿ ನಾಲ್ಕು ಪುಟ್ಟ ತಿರುಪುಮೊಳೆ ಇದ್ದರೆ ಅತಿ ಸುಲಭ, ಕನ್ನಡಕ ರಿಪೇರಿಯ ಸಣ್ಣ ಸ್ಕ್ರೂಡ್ರೈವರ್ ಸಾಕು. ಮುಚ್ಚಳ ನುಣ್ಣಗಿದ್ದು ಅಂಚಿನಲ್ಲೊಂದು ಕಡೆ ಉಗುರು ಹೋಗುವಷ್ಟು ಸಣ್ಣ ಕಚ್ಚು ಕಂಡರೆ ಅದು ಒತ್ತಿ ಕೂರಿಸಿದ ಮುಚ್ಚಳ, ಟಿಫಿನ್ ಡಬ್ಬಿಯ ಮುಚ್ಚಳದಂತೆ. ಸುತ್ತಲೂ ಆರು ಗುಳಿಗಳಿದ್ದರೆ ಅದು ಮುಚ್ಚಳವನ್ನೇ ತಿರುಪಿನಂತೆ ಸುತ್ತಿ ಬಿಗಿದದ್ದು. ಈ ಮೂರನೆಯದನ್ನು ಸುತ್ತಿಗೆ, ಕತ್ತರಿ, ಇಕ್ಕಳಗಳಿಂದ ತೆರೆಯಲು ಹೋಗಬೇಡಿ. ಉಪಕರಣ ಒಮ್ಮೆ ಜಾರಿದರೆ ಬೆನ್ನ ಮೇಲೆ ಬೀಳುವ ಗೀರು ಜೀವನಪೂರ್ತಿ ಉಳಿಯುತ್ತದೆ. ಅಷ್ಟೇನೂ ಬಿಗಿಯಿಲ್ಲದ ಮುಚ್ಚಳವಾದರೆ ಮಕ್ಕಳಾಡುವ ಅಂಟಂಟು ರಬ್ಬರ್ ಚೆಂಡನ್ನು ಅದರ ಮೇಲೆ ಗಟ್ಟಿಯಾಗಿ ಒತ್ತಿ ಎಡಕ್ಕೆ ತಿರುಗಿಸಿ ನೋಡಬಹುದು, ಎಷ್ಟೋ ಸಲ ಬಂದುಬಿಡುತ್ತದೆ. ಬರಲಿಲ್ಲವೆಂದರೆ ಅದು ಅಂಗಡಿಗೆ ಹೋಗಬೇಕಾದ ವಾಚು.

ಅಂಗಡಿಗೇ ಹೋಗಬೇಕಾದವು ಇನ್ನೂ ಇವೆ. ಈಜಾಡಲು, ಮುಳುಗಲು ಮಾಡಿದ ವಾಚುಗಳನ್ನು ಮನೆಯಲ್ಲಿ ತೆರೆಯಬೇಡಿ. ಮುಚ್ಚಿದ ಮೇಲೆ ಒತ್ತಡದ ಯಂತ್ರದಲ್ಲಿ ಪರೀಕ್ಷಿಸದೆ ಅವುಗಳ ನೀರುನಿರೋಧ ನಂಬುವಂತಿಲ್ಲ. ದುಬಾರಿ ಸ್ವಿಸ್ ವಾಚು ಇದ್ದರೆ ಅದೂ ಹಾಗೆಯೇ. ಡಯಲಿನ ಮೇಲೆ ‘ಇಕೊ-ಡ್ರೈವ್’, ‘ಸೋಲಾರ್’, ‘ಕೈನೆಟಿಕ್’ ಎಂದಿದ್ದರೆ ಒಳಗಿರುವುದು ಮರುಚಾರ್ಜ್ ಆಗುವ ಬೇರೆ ಜಾತಿಯ ಸೆಲ್ಲು. ಅಲ್ಲಿಗೆ ಸಾಮಾನ್ಯ ಸೆಲ್ಲು ತುರುಕಿದರೆ ಅದು ಸೋರಬಹುದು, ಸಿಡಿಯಲೂಬಹುದು. ಬೆಳಕಿನ ವಾಚು ನಿಂತಿದ್ದರೆ ಮೊದಲು ಕೆಲವು ದಿನ ಕಿಟಕಿಯ ಬಿಸಿಲಿಗಿಟ್ಟು ನೋಡಿ.

ಉಳಿದ ವಾಚುಗಳು, ಅಂದರೆ ನಮ್ಮ ಬೀರುಗಳಲ್ಲಿರುವ ಬಹುಪಾಲು, ಮನೆಯ ಕೈಗೆ ಸಿಗುವಂಥವೇ.

ಟೇಬಲ್ಲಿನ ಮೇಲೆ

ಮಳೆ ಹನಿಯುತ್ತಿರುವ ದಿನ ಈ ಕೆಲಸ ಬೇಡ. ಕೆರೆಯ ಬದಿಯ ತೇವದ ಗಾಳಿ ಮುಚ್ಚಳದೊಳಗೆ ಸೇರಿಕೊಂಡರೆ ತಂಪಾದ ರಾತ್ರಿ ಗಾಜಿನ ಒಳಮೈಗೆ ಮಂಜು ಹಿಡಿಯುತ್ತದೆ. ಒಣ ಹವೆಯ ದಿನ, ಬೆಳಕು ಚೆನ್ನಾಗಿರುವ ಹೊತ್ತಿನಲ್ಲಿ, ಫ್ಯಾನ್ ಆರಿಸಿ, ಬಿಳಿ ಬಟ್ಟೆ ಹಾಸಿ ಕೂತುಕೊಳ್ಳಿ. ಬಿಳಿ ಬಟ್ಟೆ ಯಾಕೆಂದರೆ ಒಳಗಿನ ಮೊಳೆಗಳು ಸಾಸಿವೆಗಿಂತ ಸಣ್ಣವು, ಮೊಸಾಯಿಕ್ ನೆಲದ ಮೇಲೆ ಬಿದ್ದರೆ ಮತ್ತೆ ಸಿಗುವುದಿಲ್ಲ. ಒಂದು ಭೂತಗನ್ನಡಿ, ಪ್ಲಾಸ್ಟಿಕ್ ಚಿಮುಟ, ಮುಚ್ಚಳ ಎಬ್ಬಿಸಲು ಚಪ್ಪಟೆ ಅಲಗಿನ ಸಣ್ಣ ಚಾಕು. ವಾಚಿನದೇ ಚಾಕು ಎಸ್‌ಪಿ ರಸ್ತೆಯಲ್ಲೂ ಸಿಗುತ್ತದೆ, ಆನ್‌ಲೈನಿನಲ್ಲೂ ಸಿಗುತ್ತದೆ, ಬೆಲೆ ದೊಡ್ಡದಲ್ಲ. ಅಡುಗೆಮನೆಯ ಮೊನಚು ಚಾಕು ಮಾತ್ರ ಬೇಡ, ಜಾರಿದರೆ ಕುಯ್ಯುವುದು ಎಡಗೈ ಹೆಬ್ಬೆರಳನ್ನು.

ಕಚ್ಚಿಗೆ ಅಲಗು ಕೊಟ್ಟು ಮೇಲಕ್ಕೆ ಮೀಟುವುದಲ್ಲ, ಮೆಲ್ಲಗೆ ಹೊರಳಿಸುವುದು. ಟಕ್ ಎಂದು ಮುಚ್ಚಳ ಬಿಡುತ್ತದೆ. ಅದರ ಒಳಮೈ ನೋಡಲು ಮರೆಯಬೇಡಿ. ವಾಚು ರಿಪೇರಿ ಮಾಡುವವರು ಸೆಲ್ಲು ಹಾಕಿದ ತಿಂಗಳು, ವರ್ಷವನ್ನು ಅಲ್ಲಿ ಸಣ್ಣಕ್ಷರದಲ್ಲಿ ಗುರುತಿಸುವುದುಂಟು. ಕೆಲವು ಮುಚ್ಚಳಗಳಲ್ಲಿ ಒಂದರ ಕೆಳಗೊಂದು ಮೂರು ನಾಲ್ಕು ಗುರುತು ಇರುತ್ತವೆ, ಬೇರೆ ಬೇರೆ ಕೈಬರಹದಲ್ಲಿ. ಆ ವಾಚು ಯಾವ ಯಾವ ವರ್ಷ ಮನೆಯವರ ಕೈಮೇಲೆ ಓಡುತ್ತಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಬೇರೆಲ್ಲೂ ಸಿಗುವುದಿಲ್ಲ.

ಒಳಗೆ ಏನನ್ನೂ ಮುಟ್ಟುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಸೆಲ್ಲು ಯಾವ ಮುಖ ಮೇಲಾಗಿ ಕೂತಿದೆ, ರಬ್ಬರ್ ರಿಂಗು ಹೇಗಿದೆ, ಪ್ಲಾಸ್ಟಿಕ್ ಹಾಳೆ ಇದೆಯೇ ಎಂಬುದೆಲ್ಲ ಹಿಂದಿರುಗಿ ಜೋಡಿಸುವಾಗ ಬೇಕಾಗುತ್ತದೆ. ಸಾಮಾನ್ಯವಾಗಿ ಅಕ್ಷರ ಕೊರೆದ ಅಗಲ ಮುಖ, ಅಂದರೆ ಪ್ಲಸ್, ಮೇಲಿರುತ್ತದೆ. ಸೆಲ್ಲನ್ನು ಹಿಡಿದಿರುವುದು ಪಕ್ಕದ ಸ್ಪ್ರಿಂಗ್ ನಾಲಗೆಯಾದರೆ ಅದನ್ನು ತುಸು ಆಚೆ ಸರಿಸಿದರೆ ಸೆಲ್ಲು ತಾನೇ ಎದ್ದುಕೊಳ್ಳುತ್ತದೆ. ಮೇಲೆ ಅಡ್ಡಪಟ್ಟಿ ಇದ್ದರೆ ಅದರ ಮೊಳೆ ಬಿಚ್ಚಬೇಕು.

ಇನ್ನು ಕಣ್ಣಿಟ್ಟು ಕಾಯಬೇಕಾದ ಭಾಗ. ಸೆಲ್ಲಿನ ಹತ್ತಿರದಲ್ಲೇ ತಾಮ್ರದ ಬಣ್ಣದ ಒಂದು ಸುರುಳಿ ಕಾಣುತ್ತದೆ. ಅದರ ತಂತಿ ತಲೆಗೂದಲಿಗಿಂತ ತೆಳು. ಚಾಕುವಿನ ತುದಿ ಅಲ್ಲಿ ಸೋಕಿ ಒಂದೇ ಒಂದು ಎಳೆ ಕಡಿದರೆ ವಾಚು ಮುಗಿಯಿತು, ಯಾವ ಸೆಲ್ಲು ಹಾಕಿದರೂ ಓಡುವುದಿಲ್ಲ. ಮನೆಯಲ್ಲಿ ಸೆಲ್ಲು ಬದಲಿಸಲು ಹೋಗಿ ಸತ್ತ ವಾಚುಗಳಲ್ಲಿ ಹೆಚ್ಚಿನವು ಸಾಯುವುದು ಇಲ್ಲಿಯೇ. ಅದಕ್ಕೇ ಸೆಲ್ಲನ್ನು ಎಬ್ಬಿಸುವಾಗ ಅಲಗು ಸುರುಳಿಯ ವಿರುದ್ಧ ದಿಕ್ಕಿಗೆ ಇರಲಿ. ಪ್ಲಾಸ್ಟಿಕ್ ಚಿಮುಟ ಹೇಳಿದ್ದಕ್ಕೂ ಕಾರಣವಿದೆ: ಲೋಹದ ಚಿಮುಟ ಸೆಲ್ಲಿನ ಎರಡೂ ಮುಖವನ್ನು ಒಟ್ಟಿಗೆ ಹಿಡಿದರೆ ಶಾರ್ಟ್ ಆಗಿ ಹೊಸ ಸೆಲ್ಲಿನ ಶಕ್ತಿ ಅಲ್ಲಿಯೇ ಸೋರಿಹೋಗುತ್ತದೆ. ಬರಿಗೈಯಿಂದ ಹಿಡಿಯುವುದೂ ಒಳ್ಳೆಯದಲ್ಲ, ಬೆರಳಿನ ಎಣ್ಣೆ, ಬೆವರು ಅಂಚಿನಲ್ಲಿ ಉಳಿದರೆ ಕಿಲುಬಿಗೆ ದಾರಿ.

ಹಳೆಯ ಸೆಲ್ಲಿನ ಸುತ್ತ ಬಿಳಿ ಪುಡಿಯೋ ಹಸಿರು ಹೊಪ್ಪಳೆಯೋ ಕಂಡರೆ ಸೋರಿಕೆ ಶುರುವಾಗಿದೆ ಎಂದು ತಿಳಿಯಿರಿ. ಕಿವಿಯ ಹತ್ತಿಕಡ್ಡಿಯನ್ನು ಬಿಳಿ ವಿನಿಗರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಲೋಹದ ಪಟ್ಟಿಯ ಮೇಲೆ ಮಾತ್ರ ಮೆಲ್ಲಗೆ ಒರೆಸಿ ಒಣಗಲು ಬಿಡಿ. ಕ್ಷಾರಕ್ಕೆ ಆಮ್ಲ ಮದ್ದು. ಸುರುಳಿಯವರೆಗೆ ಹಬ್ಬಿದ್ದರೆ ಮುಂದುವರಿಯಬೇಡಿ. ರಿಪೇರಿಯವರು ಇಡೀ ಯಂತ್ರವನ್ನೇ ಬದಲಿಸಿಕೊಡಬಲ್ಲರು. ಮಿಯೋಟಾ 2035ರಂಥ ಯಂತ್ರಗಳು ಅಷ್ಟು ಸಾಮಾನ್ಯ. ತಾತನ ಡಯಲು, ತಾತನ ಕೇಸು ಹಾಗೇ ಉಳಿಯುತ್ತವೆ.

ನಂಬರಿನ ಭಾಷೆ

ಹಳೆಯ ಸೆಲ್ಲಿನ ಬೆನ್ನ ಮೇಲಿನ ನಂಬರು ಓದಿ, ಅದನ್ನೇ ತನ್ನಿ. ಎಸ್‌ಆರ್626ಎಸ್‌ಡಬ್ಲ್ಯೂ ಎಂಬುದನ್ನೇ ಕೆಲವು ಕಂಪನಿಗಳು 377 ಎನ್ನುತ್ತವೆ. ವ್ಯಾಸ 6.8 ಮಿಲಿಮೀಟರ್, ದಪ್ಪ 2.6. ಎಸ್‌ಆರ್621ಎಸ್‌ಡಬ್ಲ್ಯೂ, ಅಂದರೆ 364, ಅಷ್ಟೇ ಅಗಲವಿದ್ದರೂ ಅದಕ್ಕಿಂತ ತೆಳು. ಒಂದರ ಜಾಗಕ್ಕೆ ಇನ್ನೊಂದು ಹೊಂದುವಂತೆ ಕಾಣುತ್ತದೆ, ಆದರೆ ತೆಳುವಾದದ್ದು ಸರಿಯಾಗಿ ಮುಟ್ಟುವುದಿಲ್ಲ, ದಪ್ಪನೆಯದು ಮುಚ್ಚಳಕ್ಕೆ ಒತ್ತುತ್ತದೆ.

‘ಎಸ್‌ಆರ್’ ಎಂದರೆ ಬೆಳ್ಳಿಯ ಆಕ್ಸೈಡಿನ ಸೆಲ್ಲು, 1.55 ವೋಲ್ಟ್. ಕೊನೆಯ ದಿನದವರೆಗೂ ಅದರ ವೋಲ್ಟೇಜು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಆಮೇಲೆ ಒಮ್ಮೆಗೇ ಕುಸಿಯುತ್ತದೆ. ವಾಚಿಗೆ ಬೇಕಾಗಿರುವುದು ಅದೇ ಸ್ಥಿರತೆ. ‘ಎಲ್‌ಆರ್’ ಎಂದು ಬರೆದದ್ದು, ‘ಎಜಿ4’ ಎಂಬ ಹೆಸರಿನಲ್ಲಿ ಹತ್ತರ ಹಾಳೆಗಳಲ್ಲಿ ಅಗ್ಗಕ್ಕೆ ಬರುವುದು, ಅದೇ ಗಾತ್ರದ ಆಲ್ಕಲೈನ್ ಸೆಲ್ಲು. ಮಕ್ಕಳ ಆಟಿಕೆಗೆ ಅದು ಸರಿ. ವಾಚಿಗೂ ಹಾಕಿದರೆ ಓಡುತ್ತದೆ, ಆದರೆ ವೋಲ್ಟೇಜು ದಿನೇ ದಿನೇ ಇಳಿಯುತ್ತದೆ, ಬೇಗ ಮುಗಿಯುತ್ತದೆ, ಸೋರುವ ಸಂಭವವೂ ಹೆಚ್ಚು. ‘ಹೋದ ವರ್ಷ ತಾನೇ ಸೆಲ್ ಹಾಕಿಸಿದ್ದೆ, ಆಗಲೇ ನಿಂತಿತು’ ಎಂದು ಜನ ಹೇಳುವುದನ್ನು ಕೇಳಿದಾಗ ನನಗೆ ಮೊದಲು ಅನುಮಾನ ಬರುವುದು ಇದರ ಮೇಲೆ. ರೆನಾಟಾ, ಮುರಾಟಾ, ಮ್ಯಾಕ್ಸೆಲ್ ಎಂಬ ಹೆಸರುಗಳ ಬೆಳ್ಳಿಯ ಸೆಲ್ಲನ್ನು ಕೇಳಿ ತೆಗೆದುಕೊಳ್ಳಿ. ಕವರಿನ ಮೇಲಿನ ದಿನಾಂಕ ನೋಡಿ. ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಹೊಸದು 1.55ರ ಆಸುಪಾಸು ತೋರಿಸಬೇಕು.

ಬೂದುಬಣ್ಣದ ಪರದೆಯಲ್ಲಿ ಅಂಕಿ ತೋರಿಸುವ ಕ್ಯಾಸಿಯೊ ವಾಚುಗಳ ದಾರಿ ಬೇರೆ. 1989ರಿಂದ ಇಂದಿನವರೆಗೂ ಬರುತ್ತಿರುವ ಎಫ್-91ಡಬ್ಲ್ಯೂಗೆ ಬೇಕಾಗಿರುವುದು ಮೂರು ವೋಲ್ಟಿನ ಲಿಥಿಯಂ ಸೆಲ್ಲು, ಸಿಆರ್2016. ಅದು ಏಳು ವರ್ಷ ಬಾಳುತ್ತದೆ ಎಂದು ಕಂಪನಿಯೇ ಹೇಳುತ್ತದೆ. ಬೆನ್ನಿನ ನಾಲ್ಕು ಮೊಳೆ ಬಿಚ್ಚುವಾಗ ಪೀಪ್ ಸದ್ದಿಗೆ ಸಂಬಂಧಿಸಿದ ಒಂದು ಅತಿ ಪುಟ್ಟ ಸ್ಪ್ರಿಂಗ್ ಹಾರಿಹೋಗದಂತೆ ನೋಡಿಕೊಳ್ಳಿ. ಹೊಸ ಸೆಲ್ಲು ಹಾಕಿಯೂ ಪರದೆ ಸರಿಯಾಗಿ ಬರದಿದ್ದರೆ ಒಳಗೆ ‘ಎಸಿ’ ಎಂದು ಬರೆದ ಚುಕ್ಕೆ ಹುಡುಕಿ. ಆ ಚುಕ್ಕೆಗೂ ಸೆಲ್ಲಿನ ಪ್ಲಸ್ ಮುಖಕ್ಕೂ ಲೋಹದ ಚಿಮುಟವನ್ನು ಎರಡು ಸೆಕೆಂಡು ತಾಗಿಸಿದರೆ ಸರ್ಕ್ಯೂಟು ಮೊದಲಿನಿಂದ ಎಣಿಸತೊಡಗುತ್ತದೆ. ಲೋಹದ ಚಿಮುಟ ಬೇಕಾಗುವುದು ಅಲ್ಲಿ ಮಾತ್ರ.

ತೆರೆಯುವುದಕ್ಕಿಂತ ಮುಚ್ಚುವುದು ಕಷ್ಟ

ಹೊಸ ಸೆಲ್ಲು ಕೂತು ಮುಳ್ಳು ಹೆಜ್ಜೆ ಹಾಕಿದ ಕೂಡಲೇ ಮನಸ್ಸು ಹಿಗ್ಗುತ್ತದೆ, ಕೆಲಸ ಮುಗಿಯಿತು ಎನಿಸುತ್ತದೆ. ನನ್ನ ದೃಷ್ಟಿಯಲ್ಲಿ ಕೆಲಸ ಶುರುವಾಗುವುದು ಆಗ.

ಮುಚ್ಚಳದ ಅಂಚಿನಲ್ಲಿರುವ ರಬ್ಬರ್ ರಿಂಗು ಬೆವರು, ಮಳೆ, ಧೂಳು ವಾಚಿನ ಬೆನ್ನಿನಿಂದ ಒಳನುಗ್ಗದಂತೆ ತಡೆಯುತ್ತಿರುವ ಕಾವಲು. ಅದು ಹಿಗ್ಗಿದ್ದರೆ, ಬಿರುಕು ಬಿಟ್ಟಿದ್ದರೆ, ಅಂಟಂಟಾಗಿದ್ದರೆ ಹೊಸದು ಬೇಕು. ಚೆನ್ನಾಗಿದ್ದರೆ ಒರೆಸಿ, ಸಿಲಿಕೋನ್ ಗ್ರೀಸನ್ನು ತೀರ ತೆಳುವಾಗಿ ಸವರಿ ಅದರ ತೋಡಿನಲ್ಲಿ ಕೂರಿಸಿ. ವ್ಯಾಸಲೀನ್, ತೆಂಗಿನೆಣ್ಣೆ ಬೇಡ, ರಬ್ಬರ್ ಹಾಳಾಗುತ್ತದೆ.

ಒತ್ತಿ ಕೂರಿಸುವ ಮುಚ್ಚಳದ ಅಂಚಿನಲ್ಲಿ ಒಂದು ಕಡೆ ಅರ್ಧಚಂದ್ರದಂಥ ಕಡಿತ ಇರುತ್ತದೆ. ಪಕ್ಕದ ತಿರುಪಿನ ದಂಡ ಒಳಗೆ ಹಾದುಹೋಗುವ ಜಾಗ ಅದು. ಕಡಿತ ದಂಡದ ಮೇಲೆಯೇ ಬರಬೇಕು. ಬೇರೆ ಕಡೆ ಇಟ್ಟು ಬಲವಾಗಿ ಒತ್ತಿದರೆ ದಂಡ ಬಗ್ಗುತ್ತದೆ, ಆಮೇಲೆ ಸಮಯ ತಿದ್ದಲೂ ಬರುವುದಿಲ್ಲ. ಸರಿಯಾಗಿ ಕೂರಿಸಿದ ಮೇಲೆ ವಾಚನ್ನು ಮಡಿಚಿದ ಟವೆಲಿನ ಮೇಲೆ ಗಾಜು ಕೆಳಗಾಗಿ ಇಟ್ಟು ಎರಡೂ ಹೆಬ್ಬೆರಳಿನಿಂದ ಅಂಚುಗಳನ್ನು ಒತ್ತಿ. ಟಕ್ ಎನ್ನಬೇಕು. ಎನ್ನದಿದ್ದರೆ ಬಲ ಹೆಚ್ಚಿಸಬೇಡಿ. ಕೆಲವು ಮುಚ್ಚಳಗಳಿಗೆ ಒತ್ತುವ ಪ್ರೆಸ್ ಇಲ್ಲದೆ ಸಾಗದು. ಸುತ್ತಿಗೆಯಿಂದ ತಟ್ಟಿ ಗಾಜು ಒಡೆದುಕೊಳ್ಳುವ ಬದಲು ಮುಚ್ಚಳವನ್ನು ಕಾಗದದಲ್ಲಿ ಸುತ್ತಿಕೊಂಡು ಅಂಗಡಿಗೆ ಹೋಗುವುದು ಲೇಸು. ‘ಅಣ್ಣಾ, ಸೆಲ್ ನಾನೇ ಹಾಕಿದೀನಿ, ಮುಚ್ಚಳ ಒಂದು ಕೂರಿಸಿ ಕೊಡ್ತೀರಾ?’ ಎಂದು ಕೇಳಿದರೆ ಹಲಸೂರು ಬಜಾರಿನ ಕಡೆ ಗಾಜಿನ ಪೆಟ್ಟಿಗೆ ಮುಂದಿಟ್ಟುಕೊಂಡು ಕೂತವರು ಬೇಡವೆನ್ನುವುದಿಲ್ಲ. ‘ಕೊಡಿ ಸಾರ್, ಒಂದು ನಿಮಿಷ’ ಎಂದು ಕಣ್ಣಿಗೆ ಕನ್ನಡಿ ಏರಿಸಿ, ರಿಂಗು ಸರಿಯಾಗಿದೆಯೇ ಎಂದು ತಾವೇ ಒಮ್ಮೆ ನೋಡಿ ಒತ್ತಿಕೊಡುತ್ತಾರೆ.

ಮನೆಯಲ್ಲಿ ತೆರೆದ ವಾಚನ್ನು ಅಲ್ಲಿಂದ ಮುಂದೆ ನೀರಿಗೆ ಹೆದರುವ ವಾಚು ಎಂದೇ ಎಣಿಸಿ. ಬೆನ್ನ ಮೇಲೆ 30 ಮೀಟರ್ ಎಂದಿದ್ದರೂ ಅದರ ಅರ್ಥ ಮೂವತ್ತು ಮೀಟರ್ ಆಳಕ್ಕೆ ಮುಳುಗಬಹುದು ಎಂದಲ್ಲ. ಕೈ ತೊಳೆಯುವಾಗ ಸಿಡಿಯುವ ಹನಿ, ಜೋರಲ್ಲದ ಮಳೆ ತಡೆಯುತ್ತದೆ, ಅಷ್ಟೆ.

ಸಮಯ ಕೂರಿಸುವಾಗ ತಾರೀಖಿನ ಕಿಟಕಿ ಇರುವ ವಾಚುಗಳಲ್ಲಿ ಒಂದು ಎಚ್ಚರ ಬೇಕು. ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ಒಳಗಿನ ಹಲ್ಲುಚಕ್ರ ತಾರೀಖಿನ ಚಕ್ರವನ್ನು ಹಿಡಿದಿರುತ್ತದೆ. ಆ ಹೊತ್ತಿನಲ್ಲಿ ತಾರೀಖನ್ನು ಬಲವಂತವಾಗಿ ತಿರುಗಿಸಬೇಡಿ. ಮುಳ್ಳನ್ನು ಬೆಳಗಿನ ಹೊತ್ತಿಗೆ ತಂದು ಆಮೇಲೆ ತಾರೀಖು ತಿದ್ದಿ.

ಪೆಟ್ಟಿಗೆಯ ಮುಂದೆ ಕೂತವರು

ಈ ಕೆಲಸವನ್ನು ನಾವೇ ಮಾಡಿಕೊಂಡರೆ ರಿಪೇರಿಯವರ ಪಾಡೇನು ಎಂಬ ಪ್ರಶ್ನೆ ನ್ಯಾಯವಾದದ್ದು, ನನ್ನನ್ನೂ ಕಾಡಿದೆ. ಮೆಟ್ಟಿಲ ಕೆಳಗಿನ ಮೂರಡಿ ಜಾಗದಲ್ಲಿ, ಅಂಗಡಿಯ ಪಡಸಾಲೆಯ ಮೂಲೆಯಲ್ಲಿ ಕೂತು ಬದುಕಿದವರು ಅವರು. ಎಚ್‌ಎಂಟಿಯ ಒಳಗನ್ನು ಹಲ್ಲು ಹಲ್ಲು ಬಿಚ್ಚಿ ತೊಳೆದು ಜೋಡಿಸಬಲ್ಲ ಕೈಗಳು ಈಗ ಬಹುಪಾಲು ಬೆಲ್ಟು ಬದಲಿಸುವುದರಲ್ಲಿ, ಸೆಲ್ಲು ಹಾಕುವುದರಲ್ಲಿ ದಿನ ಕಳೆಯುತ್ತಿವೆ.

ಆದರೆ ಬೀರುವಿನಲ್ಲಿ ವರ್ಷಗಟ್ಟಲೆ ಬಿದ್ದಿರುವ ವಾಚಿನಿಂದ ಅವರಿಗೆ ಒಂದು ಕಾಸೂ ಬಂದಿಲ್ಲ, ಬರುವಂತೆಯೂ ಇಲ್ಲ. ಅದನ್ನು ಒಮ್ಮೆ ತೆರೆದು ನೋಡಿದ ಮನೆಯವರೇ ನಾಳೆ ಹೊಸ ರಬ್ಬರ್ ರಿಂಗಿಗೆ, ಗೀರಿದ ಗಾಜಿಗೆ, ಸವೆದ ಪಟ್ಟಿಗೆ, ಕೆಟ್ಟ ಯಂತ್ರಕ್ಕೆ ಅವರ ಬಳಿ ಹೋಗುತ್ತಾರೆ. ಒಳಗಿನ ಸೂಕ್ಷ್ಮ ಒಮ್ಮೆ ಕಂಡವರಿಗೆ ಅವರ ಕೂಲಿ ಹೆಚ್ಚೆನಿಸುವುದಿಲ್ಲ, ಚೌಕಾಸಿ ಮಾಡುವ ನಾಲಗೆಯೂ ತಡೆಯುತ್ತದೆ. ಕೀ ಕೊಡುವ ಎಚ್‌ಎಂಟಿ ನಿಮ್ಮಲ್ಲಿದ್ದರೆ ಅದರ ಬೆನ್ನು ತೆರೆಯುವ ಹಕ್ಕು ಅವರದ್ದೇ. ಅಲ್ಲಿ ನಾವು ಕೈ ಹಾಕಬಾರದು.

ಸತ್ತ ಸೆಲ್ಲು ಎಲ್ಲಿಗೆ

ಕೊನೆಗೆ ಉಳಿಯುವುದು ಟೇಬಲ್ಲಿನ ಮೇಲಿನ ಹಳೆಯ ಸೆಲ್ಲು. ಮನೆಯಲ್ಲಿ ಮಕ್ಕಳಿದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ಎತ್ತಿಡಿ. ಹೊಳೆಯುವ ಗುಂಡಿ ಕಂಡರೆ ಅಂಬೆಗಾಲಿನ ಮಗು ಬಾಯಿಗೆ ಹಾಕಿಕೊಳ್ಳುತ್ತದೆ. ರಿಮೋಟಿನಲ್ಲಿ, ತೂಕದ ಯಂತ್ರದಲ್ಲಿ ಇರುವ 20 ಮಿಲಿಮೀಟರ್ ಅಗಲದ ಲಿಥಿಯಂ ಸೆಲ್ಲು, ಸಿಆರ್2032ರಂಥದ್ದು, ಅತ್ಯಂತ ಅಪಾಯಕಾರಿ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅದರ ವಿದ್ಯುತ್ತು ಅಲ್ಲಿನ ತೇವದಲ್ಲಿ ಕ್ಷಾರ ಹುಟ್ಟಿಸಿ ಎರಡು ಗಂಟೆಯೊಳಗೆ ಒಳಗೋಡೆಯನ್ನು ಸುಡುತ್ತದೆ. ಸತ್ತಿದೆ ಎಂದು ನಾವು ಎಸೆದ ಸೆಲ್ಲಿನಲ್ಲೂ ಅದಕ್ಕೆ ಸಾಕಾಗುವ ಶಕ್ತಿ ಉಳಿದಿರುತ್ತದೆ. ಮಗು ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ಮಗು ಆಡಿಕೊಂಡಿದೆಯಲ್ಲ ಎಂದು ಕಾಯಬೇಡಿ, ವಾಂತಿ ಮಾಡಿಸಬೇಡಿ, ಎಕ್ಸ್‌ರೇ ಇರುವ ದೊಡ್ಡ ಆಸ್ಪತ್ರೆಗೆ ಆ ಕ್ಷಣವೇ ಓಡಿ. ಖಾಲಿ ಮಾತ್ರೆ ಡಬ್ಬಿಯಲ್ಲಿ ಸೆಲ್ಲು ಕೂಡಿಡುವ ಅಭ್ಯಾಸವನ್ನೂ ಬಿಡಬೇಕು, ಕಣ್ಣು ಮಂಜಾದ ಹಿರಿಯರು ಮಾತ್ರೆಯೆಂದು ನುಂಗಿಬಿಡುವ ಅಪಾಯವಿದೆ.

ಕಸದ ಗಾಡಿಗೆ ಹಸಿ ಕಸದ ಜೊತೆಯಲ್ಲೂ ಒಣ ಕಸದ ಜೊತೆಯಲ್ಲೂ ಇದನ್ನು ಹಾಕುವಂತಿಲ್ಲ. 2016ರ ಘನತ್ಯಾಜ್ಯ ನಿಯಮಗಳು ಬಳಸಿದ ಬ್ಯಾಟರಿಯನ್ನು ಮನೆಯ ಅಪಾಯಕಾರಿ ತ್ಯಾಜ್ಯವೆಂದು ಗುರುತಿಸಿದವು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಒಂದಕ್ಕೊಂದು ತಾಗಿ ಬಿಸಿಯಾಗದಂತೆ ಪ್ರತಿ ಸೆಲ್ಲಿನ ಎರಡೂ ಮುಖಕ್ಕೆ ಸೆಲ್ಲೊಟೇಪು ಅಂಟಿಸಿ, ಎತ್ತರದ ಜಾಗದಲ್ಲಿ, ಮೇಲೆ ಹೆಸರು ಬರೆದ ಡಬ್ಬಿಯಲ್ಲಿ ಕೂಡಿಡಿ. ಇ-ತ್ಯಾಜ್ಯ ತೆಗೆದುಕೊಳ್ಳುವವರು ಬಂದಾಗ ಕೊಡಿ, ಇಲ್ಲವೇ ವಾಚು ರಿಪೇರಿಯವರಿಗೇ ಕೊಡಿ.

ಕೊಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಬೆಳ್ಳಿಯ ಸೆಲ್ಲು ಕೆಲಸ ಮಾಡುವಾಗ ಒಳಗಿನ ಸತು ಸುಟ್ಟು ಆಕ್ಸೈಡಾಗುತ್ತದೆ, ಬೆಳ್ಳಿಯ ಆಕ್ಸೈಡು ಅಪ್ಪಟ ಬೆಳ್ಳಿಯಾಗಿ ಮಾರ್ಪಡುತ್ತದೆ. 28 ಮಿಲಿ ಆಂಪಿಯರ್ ಗಂಟೆಯ ಸೆಲ್ಲು ಪೂರ್ತಿ ಖರ್ಚಾದರೆ ಅದರೊಳಗೆ ಹುಟ್ಟಿರುವ ಬೆಳ್ಳಿ ಸುಮಾರು 0.11 ಗ್ರಾಂ. ಒಂಬತ್ತು ಸೆಲ್ಲು ಸೇರಿದರೆ ಒಂದು ಗ್ರಾಂ ಬೆಳ್ಳಿ. ಕರಗಿಸಿ ಬೇರ್ಪಡಿಸುವವರ ಕೈಗೆ ಅದು ತಲುಪಬೇಕು, ರಾಜಕಾಲುವೆಯ ಕೆಸರಿಗಲ್ಲ.